ಗೆದ್ದರೆ ಎರಡು ದಿನ ಖುಷಿ, ಸೋತರೆ ತಿಂಗಳುಗಟ್ಟಲೆ ಸಂಕಟ: ಯಾಕೆ ಹೀಗೆ?

ಪ್ರಶ್ನೆ: ನನಗೆ 34 ವರ್ಷ. ಕಳೆದ ವರ್ಷ ಕಷ್ಟಪಟ್ಟು ಬಡ್ತಿ ಪಡೆದೆ. ಎರಡು ದಿನ ಖುಷಿಯಾಗಿದ್ದೆ, ಆಮೇಲೆ ‘ಇದಕ್ಕೆ ನಾನು ಲಾಯಕ್ಕಾ’ ಎಂಬ ಭಯ ಶುರುವಾಯಿತು. ಈಚೆಗೆ ಒಂದು ದೊಡ್ಡ ಪರೀಕ್ಷೆಯಲ್ಲಿ ಎರಡೇ ಅಂಕದಿಂದ ಆಯ್ಕೆ ತಪ್ಪಿತು. ತಿಂಗಳಾದರೂ ರಾತ್ರಿ ಅದೇ ನೆನಪು. ಗೆದ್ದಾಗ ಹಿಗ್ಗಬಾರದು, ಸೋತಾಗ ಕುಗ್ಗಬಾರದು ಅಂತಾರೆ. ನನ್ನ ಕೈಲಿ ಎರಡೂ ಆಗುತ್ತಿಲ್ಲ. ನನ್ನಲ್ಲೇ ಏನಾದರೂ ದೋಷ ಇದೆಯಾ? ಪರೀಕ್ಷೆ ಮತ್ತೆ ಬರೆಯಲಾ, ಬಿಟ್ಟುಬಿಡಲಾ?

ಉತ್ತರ: ದೋಷ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ಸೋತ ನೋವಿಗಿಂತ ‘ನಾನು ಹೀಗೆ ನೋಯಬಾರದಿತ್ತು’ ಎಂಬ ನೋವೇ ಜಾಸ್ತಿ ಕಾಣುತ್ತಿದೆ.

ಹಿಗ್ಗಬೇಡ, ಕುಗ್ಗಬೇಡ ಎಂಬ ಮಾತು ಕೇಳೋಕೆ ಚೆನ್ನಾಗಿದೆ. ಆದರೆ ಅದನ್ನೇ ನಿಯಮ ಮಾಡಿಕೊಂಡವರು ಗೆದ್ದಾಗ ಖುಷಿಪಡಲು ಹೆದರುತ್ತಾರೆ, ಸೋತಾಗ ಅಳಲು ನಾಚುತ್ತಾರೆ. ನಾನಂತೂ ಯಾರಿಗೂ ಆ ಸಲಹೆ ಕೊಡುವುದಿಲ್ಲ. ಹಿಗ್ಗಿ, ಕುಗ್ಗಿ, ಎರಡೂ ಆಗಲಿ. ಆ ಹೊತ್ತಿನಲ್ಲಿ ನಿಮ್ಮ ಯೋಗ್ಯತೆಯ ಬಗ್ಗೆ ತೀರ್ಪು ಬರೆದುಕೊಳ್ಳಬೇಡಿ, ಅಷ್ಟೇ.

ಸೋಲು ಜಾಸ್ತಿ ದಿನ ಕಾಡುವುದು ಮನಸ್ಸಿನ ಸಹಜ ಗುಣ. ಹಣ ಕಳೆದುಕೊಂಡ ನೋವು ಅಷ್ಟೇ ಹಣ ಸಿಕ್ಕ ಖುಷಿಗಿಂತ ಜೋರಾಗಿರುತ್ತದೆ ಎಂದು ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಬರೆದರು. ಅಂಕ, ಹುದ್ದೆ, ಮೆಚ್ಚುಗೆಯ ವಿಷಯದಲ್ಲೂ ಅದೇ ಕಥೆ ಅಲ್ವಾ?

ನಿಮ್ಮದಂತೂ ಕೂದಲೆಳೆಯಲ್ಲಿ ತಪ್ಪಿದ್ದು, ಅದರ ಉರಿಯೇ ಬೇರೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೊ ತೋರಿಸಿ, ಪದಕ ಗೆದ್ದವರ ಮುಖದಲ್ಲಿ ಎಷ್ಟು ಖುಷಿ ಇದೆ ಎಂದು ಜನರಿಂದ ಅಂಕ ಕೊಡಿಸಿದ ಒಂದು ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಹೆಚ್ಚು ಖುಷಿಯಾಗಿ ಕಂಡರು. ಬೆಳ್ಳಿಯವರ ಮನಸ್ಸು ಕೈತಪ್ಪಿದ ಚಿನ್ನದ ಮೇಲಿತ್ತು, ಕಂಚಿನವರಿಗೆ ಪದಕ ಸಿಕ್ಕಿತಲ್ಲ ಎಂಬ ಸಮಾಧಾನ ಇತ್ತು, ಎಂಬುದು ಸಂಶೋಧಕರ ವಿವರಣೆ. ಎರಡು ಅಂಕದ ಬದಲು ಐವತ್ತು ಅಂಕದಿಂದ ತಪ್ಪಿದ್ದರೆ ನೀವು ಇಷ್ಟರಲ್ಲಿ ನಿದ್ದೆ ಮಾಡುತ್ತಿದ್ದಿರೇನೋ! ನೋವು ದೊಡ್ಡದಿದೆ ಅಂದ ಮಾತ್ರಕ್ಕೆ ಸೋಲೂ ದೊಡ್ಡದು ಅಂತಲ್ಲ.

ಬಡ್ತಿಯ ನಂತರದ ಭಯವೂ ಹೊಸದಲ್ಲ. ಸಾಧನೆ ಮಾಡಿದ ಮಹಿಳೆಯರಲ್ಲಿ ‘ನಾನು ಎಲ್ಲರಿಗೂ ಮೋಸ ಮಾಡುತ್ತಿದ್ದೇನೆ, ಒಂದು ದಿನ ಸಿಕ್ಕಿಬೀಳುತ್ತೇನೆ’ ಎಂಬ ಅಳುಕು ಇರುವುದನ್ನು ಮನಃಶಾಸ್ತ್ರಜ್ಞೆಯರಾದ ಪಾಲೀನ್ ಕ್ಲಾನ್ಸ್ ಮತ್ತು ಸೂಝನ್ ಐಮ್ಸ್ 1978ರಲ್ಲಿ ದಾಖಲಿಸಿದರು. ಗಂಡಸರಲ್ಲೂ ಇದು ಇದೆ. ಇದಕ್ಕೆ ನಾನು ನೋಡಿರುವ ಮುಖ್ಯ ಕಾರಣ ಇದು: ಸೋತಾಗ ನಾವು ಕಾರಣ ಹುಡುಕಿ ಹುಡುಕಿ ಸುಸ್ತಾಗುತ್ತೇವೆ, ಗೆದ್ದಾಗ ಸುಮ್ನೆ ‘ಅದೃಷ್ಟ’ ಎಂದು ಮುಂದೆ ಹೋಗುತ್ತೇವೆ. ಹಾಗಾಗಿ ಸೋಲಿನ ಕಡತ ದಪ್ಪವಾಗುತ್ತದೆ, ಗೆಲುವಿನದ್ದು ಖಾಲಿ ಉಳಿಯುತ್ತದೆ. ಇವತ್ತೇ ಕುಳಿತು ಆ ಬಡ್ತಿಯ ಬಗ್ಗೆ ಬರೆಯಿರಿ. ನೀವು ಮಾಡಿದ್ದು ಏನು, ಯಾರು ಸಹಾಯ ಮಾಡಿದರು, ಅದೃಷ್ಟ ಎಷ್ಟು? ಇದೇ ಪ್ರಶ್ನೆಗಳನ್ನು ಪರೀಕ್ಷೆಗೂ ಕೇಳಿ. ಎರಡರಲ್ಲೂ ಅದೃಷ್ಟಕ್ಕೆ ಒಂದು ಪಾಲು ಇರುತ್ತದೆ, ಅದಕ್ಕೇ ತುಂಬಾ ಚೆನ್ನಾಗಿ ಆದ ಕೆಲಸದ ನಂತರದ್ದು ಸಾಮಾನ್ಯವಾಗಿ ಸ್ವಲ್ಪ ಕಡಿಮೆಯಾಗುತ್ತದೆ. ಅದನ್ನು ಪತನ ಎಂದುಕೊಳ್ಳಬೇಡಿ.

ಇನ್ನು ರಾತ್ರಿಯ ವಿಷಯ. ಸೋಲನ್ನು ಮೆಲುಕು ಹಾಕುವುದು ಯೋಚನೆ ಮಾಡಿದಂತೆಯೇ ಅನಿಸುತ್ತದೆ, ಆದರೆ ಅದರಿಂದ ಏನೂ ಹುಟ್ಟುವುದಿಲ್ಲ. ಗುರುತಿಸುವುದು ಸುಲಭ: ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ನಾಳೆ ಮಾಡಬಹುದಾದ ಒಂದು ಕೆಲಸ ಕೈಗೆ ಸಿಕ್ಕಿತಾ? ಸಿಗದಿದ್ದರೆ ಎದ್ದು ಕೂತು, ಮನಸ್ಸಿನಲ್ಲಿ ಓಡುತ್ತಿರುವುದನ್ನೆಲ್ಲ ಕಾಗದಕ್ಕೆ ಇಳಿಸಿ. ಬರೆಯುವಾಗ ‘ನಾನು’ ಬದಲು ನಿಮ್ಮದೇ ಹೆಸರು ಹಿಡಿದು, ಬೇಕಾದವರಿಗೆ ಸಮಾಧಾನ ಹೇಳುವಂತೆ ಬರೆಯಿರಿ. ಮನಸ್ಸು ಸ್ವಲ್ಪ ದೂರ ನಿಂತು ನೋಡಲು ಇದು ನಿಜಕ್ಕೂ ಸಹಾಯ ಮಾಡುತ್ತದೆ.

ಒಂದು ಎಚ್ಚರಿಕೆ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮಂಕು ಕವಿದಿದ್ದರೆ, ಇಷ್ಟದ ಕೆಲಸದಲ್ಲೂ ಆಸಕ್ತಿ ಹೋಗಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ ಖಿನ್ನತೆ ಇರಬಹುದು, ಮನೋವೈದ್ಯರನ್ನು ಕಾಣಿ. ನಿಮಗೆ ತಿಂಗಳಾಗಿದೆ, ಹಾಗಾಗಿ ಇದನ್ನು ಮುಂದೂಡಬೇಡಿ. ಸಾಯುವ ಯೋಚನೆ ಬಂದರೆ ಅವತ್ತೇ ಹೋಗಿ, ಆಪ್ತರೊಬ್ಬರಿಗೆ ಕೂಡಲೇ ಹೇಳಿ.

ಪರೀಕ್ಷೆ ಮತ್ತೆ ಬರೆಯಬೇಕಾ ಅಂದಿರಿ. ನಿದ್ದೆ ಸರಿಹೋಗುವವರೆಗೆ ಆ ತೀರ್ಮಾನ ಬೇಡ. ಆಮೇಲೆ ನೀವು ಬರೆದಿಟ್ಟ ಕಾರಣಗಳನ್ನು ನೋಡಿ. ಬದಲಾಯಿಸಬಹುದಾದ್ದು ಅದರಲ್ಲಿ ಇದ್ದರೆ, ಆ ಕೆಲಸ ಈಗಲೂ ನಿಮಗೆ ಇಷ್ಟವಿದ್ದರೆ ಬರೆಯಿರಿ. ಬರೀ ಆ ಎರಡು ಅಂಕದ ಸೇಡಿಗೆ ಬರೆಯುವುದಾದರೆ ಬೇಡ.