ಶಾಲೆಯ ಕೈತೋಟದಿಂದ ಮಕ್ಕಳು ನಿಜವಾಗಿಯೂ ಏನಾದರೂ ಕಲಿಯುತ್ತಾರೆಯೇ?

ಶಾಲೆಯಲ್ಲಿ ತರಕಾರಿ ಬೆಳೆಸಬೇಕೆಂದಿದ್ದೀರಿ, ಆದರೆ ಪೋಷಕರು "ಮಣ್ಣು ಕೆದಕಲು ಮಕ್ಕಳನ್ನು ಕಳಿಸುತ್ತಿಲ್ಲ" ಎನ್ನುತ್ತಾರೆ. ಇದರಿಂದ ಓದಿಗೆ ಉಪಯೋಗವಿದೆಯೇ ಎಂದು ಕೇಳಿದ್ದೀರಿ. ನಾನು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಉಪಯೋಗ ಖಂಡಿತ ಇದೆ. ಆದರೆ ತೋಟದಲ್ಲಿ ಏನಾಗುತ್ತಿದೆ ಎಂದು ಕಂಡುಹಿಡಿಯುವ ಕೆಲಸ ಮಕ್ಕಳದ್ದಾಗಿರಬೇಕು. ನಾವು ಹೇಳಿದ ಕಡೆ ಅಗೆದು, ಅಧಿಕಾರಿಗಳು ಬಂದಾಗ ಫೋಟೊಗೆ ನಿಲ್ಲುವುದಾದರೆ ಪೋಷಕರ ಮಾತೇ ಸರಿ.

ಒಂದು ವರ್ಷ ಬೇಲಿಗೆ ಸಿಹಿಕುಂಬಳದ ಬಳ್ಳಿ ಹಬ್ಬಿಸಿದ್ದೆವು. ಹೂ ಬೇಕಾದಷ್ಟು ಬಿಟ್ಟಿತು, ಕಾಯಿ ಒಂದೂ ನಿಲ್ಲಲಿಲ್ಲ. ದೃಷ್ಟಿಯಾಗಿದೆ ಎಂದರು ಕೆಲವರು, ನೀರು ಸಾಲದು ಎಂದರು ಇನ್ನು ಕೆಲವರು. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ತಡೆದುಕೊಂಡೆ. ದಿನವೂ ಬೆಳಿಗ್ಗೆ ಹೂಗಳನ್ನು ನೋಡಿ, ಎಣಿಸಿ ಬರೆಯಿರಿ ಎಂದಷ್ಟೇ ಹೇಳಿದೆ. ನಾಲ್ಕನೆಯ ದಿನ ಐದನೇ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಬಳ್ಳಿಯ ಬಳಿಗೆ ಎಳೆದೊಯ್ದಳು. ಒಂದು ಹೂವಿಗೆ ಬರೀ ಉದ್ದನೆಯ ತೊಟ್ಟು. ಇನ್ನೊಂದರ ಬುಡದಲ್ಲಿ ಗೋಲಿಯಷ್ಟು ದಪ್ಪದ ಹಸಿರು ಹೀಚು. "ಸಾರ್, ಎರಡು ಜಾತಿ ಹೂ ಇವೆ!"

ಅಲ್ಲಿಂದ ಪಾಠ ತಾನಾಗಿ ನಡೆಯಿತು. ಬರೀ ತೊಟ್ಟಿರುವ ಗಂಡು ಹೂ ಹೆಚ್ಚು, ಹೀಚಿರುವ ಹೆಣ್ಣು ಹೂ ಕಡಿಮೆ ಎಂಬುದು ಅವರ ಪಟ್ಟಿಯಲ್ಲೇ ಇತ್ತು. ಸುತ್ತಲೂ ಟೊಮೆಟೊ ಹೊಲ. ಔಷಧಿ ಹೊಡೆದರೆ, ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಒಯ್ಯುವ ಜೇನು ಬರುವುದಿಲ್ಲವೆಂದು ಒಬ್ಬ ತನ್ನ ತಾತನಿಂದ ಕೇಳಿಕೊಂಡು ಬಂದ. ಕುಂಬಳದ ಹೂ ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಹಾಗಾಗಿ ಪ್ರಾರ್ಥನೆಗೂ ಮೊದಲೇ ಬಂದು, ಗಂಡು ಹೂವಿನ ಎಸಳು ಬಿಡಿಸಿ, ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಸವರಿ, ಗುರುತಿಗೆ ಕೆಂಪು ದಾರ ಕಟ್ಟಿದರು. ಏಳರಲ್ಲಿ ಐದು ಕಾಯಿ ನಿಂತವು. ಪರಾಗಸ್ಪರ್ಶ ಎಂಬ ಪದವನ್ನು ನಾನು ಕಪ್ಪುಹಲಗೆಯ ಮೇಲೆ ಬರೆದದ್ದು ಅದಾದ ಮೇಲೆ.

ನಮ್ಮ ಗಡಿಭಾಗದಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು. ತರಗತಿಯಲ್ಲಿ ಬಾಯಿಬಿಡದ ಮಗು ಪಾತಿಯ ಮುಂದೆ ಕೂತು ದಂಟಿಗೆ ತೋಟಕೂರ, ಕುಂಬಳಕ್ಕೆ ಗುಮ್ಮಡಿ ಎಂದು ಹೇಳಿಕೊಡುತ್ತದೆ. ಪ್ರತಿ ಪಾತಿಗೂ ಎರಡೂ ಹೆಸರು ಬರೆದ ಫಲಕ ನೆಟ್ಟಿದ್ದೇವೆ. ಆ ಫಲಕಗಳ ಅಕ್ಷರಗಳನ್ನು ತಿದ್ದಿ ತಿದ್ದಿ ಬರೆದವರು ಮಕ್ಕಳೇ.

ಪೋಷಕರ ಆಕ್ಷೇಪವನ್ನು ಮಾತ್ರ ತಳ್ಳಿಹಾಕಬೇಡಿ. ಅದರ ಹಿಂದೆ ಹಳೆಯ ನೋವಿದೆ. ನೀರು ಹೊರುವುದು, ಗೊಬ್ಬರ ಎತ್ತುವುದು ಯಾವಾಗಲೂ ಅದೇ ನಾಲ್ಕು ಮನೆಗಳ ಮಕ್ಕಳ ಪಾಲಿಗೆ, ಇಲ್ಲವೇ ಹೆಣ್ಣುಮಕ್ಕಳ ಪಾಲಿಗೆ ಬಂದರೆ ಅದು ಕಲಿಕೆಯಲ್ಲ, ಅನ್ಯಾಯ. ನಾನು ವಾರದ ಸರದಿ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸುತ್ತೇನೆ. ಬಕೆಟ್ ಹಿಡಿಯುವ ಸರದಿ ನನ್ನದೂ ಇರುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಆ ಪಟ್ಟಿಯನ್ನೂ ಮಕ್ಕಳ ಹೂವಿನ ಲೆಕ್ಕದ ಪುಸ್ತಕವನ್ನೂ ಮುಂದಿಡಿ. ಶಾಲಾ ಪೌಷ್ಟಿಕ ಕೈತೋಟಗಳಿಗೆ ಕೇಂದ್ರ ಸರ್ಕಾರ 2019ರಲ್ಲೇ ಮಾರ್ಗಸೂಚಿ ಹೊರಡಿಸಿದೆ, ಅದನ್ನೂ ತೋರಿಸಿ. ಜಾಗವಿಲ್ಲದಿದ್ದರೆ ಕುಂಡಗಳಲ್ಲಿ ಬೆಳೆಸಲೂ ಅದರಲ್ಲಿ ಅವಕಾಶವಿದೆ.

ನೀರಿನ ಚಿಂತೆ ಈ ಜಿಲ್ಲೆಯಲ್ಲಿ ಯಾರಿಗಿಲ್ಲ? ಊಟಕ್ಕೆ ಮೊದಲು ಕೈ ತೊಳೆದ ನೀರನ್ನು ಸಣ್ಣ ಕಾಲುವೆ ತೋಡಿ ಪರಂಗಿ, ನುಗ್ಗೆಯ ಬುಡಕ್ಕೆ ತಿರುಗಿಸಿ. ಬೇಸಿಗೆ ರಜೆಯಲ್ಲಿ ಸೊಪ್ಪಿನ ಪಾತಿ ಒಣಗುತ್ತದೆ, ಒಣಗಲಿ ಬಿಡಿ. ನುಗ್ಗೆ, ಕರಿಬೇವು ಉಳಿದುಕೊಳ್ಳುತ್ತವೆ. ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ದಂಟಿನ ಬೀಜ ಚೆಲ್ಲಿ. ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ, ಮಕ್ಕಳ ತಾಳ್ಮೆಗೂ ಅಷ್ಟೇ ಅವಧಿ ಸರಿ. ಮೊದಲ ಕಟ್ಟು ಸೊಪ್ಪನ್ನು ಬಿಸಿಯೂಟದ ಅಡುಗೆಯವರ ಕೈಗೆ ಮಕ್ಕಳೇ ಕೊಡಲಿ, ಅದಕ್ಕೂ ಮೊದಲು ತೂಕ ಮಾಡಿ ಬರೆದಿಟ್ಟುಕೊಳ್ಳಲಿ.