ಪಕ್ಕದವರು ಬೇಲಿ ಸರಿಸಿದ್ದಾರೆ, ಊರಲ್ಲಿ ಅಪ್ಪ-ಅಮ್ಮ ಇಬ್ಬರೇ. ಏನು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಿಮ್ಮ ಅಡಿಕೆ ತೋಟ. ನೀವು ಬೆಂಗಳೂರಲ್ಲಿದ್ದೀರಿ, ಊರಲ್ಲಿ ವಯಸ್ಸಾದ ಅಪ್ಪ-ಅಮ್ಮ ಮಾತ್ರ. ಪಕ್ಕದ ಜಾಗದವರು ಜೆಸಿಬಿ ತರಿಸಿ ಗಡಿಯ ಬರೆ (ಮಣ್ಣಿನ ದಿಣ್ಣೆ) ಕಡಿದಿದ್ದಾರೆ. ಮೂಲೆಯಲ್ಲಿದ್ದ ಸರ್ವೆಕಲ್ಲು ಈಗ ಕಾಣುತ್ತಿಲ್ಲ. ತಂತಿಬೇಲಿ ನಿಮ್ಮ ಕಡೆಗೆ ಸರಿದಿದೆ. ಅಪ್ಪ ಕೇಳಲು ಹೋದಾಗ "ಬೇಕಾದಲ್ಲಿ ಹೋಗಿ ಹೇಳಿ" ಎಂದು ಜೋರು ಮಾಡಿದ್ದಾರೆ. ಕೇಸು ಹಾಕಬೇಕಾ, ಸುಮ್ನೆ ಬಿಡಬೇಕಾ ಅಂತ ನಿಮ್ಮ ಪ್ರಶ್ನೆ.

ಸುಮ್ನೆ ಬಿಡಬೇಡಿ. ಹಾಗಂತ ಬೇಲಿಯ ಮೇಲೆ ಜಗಳಕ್ಕೂ ನಿಲ್ಲಬೇಡಿ. ಮೊದಲು ಗಡಿ ನಿಜಕ್ಕೂ ಎಲ್ಲಿದೆ ಅಂತ ತಾಲೂಕು ಸರ್ವೆಯರಿಂದ ಅಳೆಸಿ. ಗೆರೆ ಸಿಗುವ ತನಕ ಅವರು ಹೇಳುವುದೂ ಬರೀ ಮಾತು, ನಿಮ್ಮ ಅಪ್ಪ ಹೇಳುವುದೂ ಬರೀ ಮಾತು. ನಾನು ನೀರ್ಚಾಲು ಕಡೆಯವಳು. ನಮ್ಮ ತೋಟದ ಗಡಿಯಲ್ಲೂ ಹೀಗೇ ಆಗಿತ್ತು. ಅಪ್ಪನ ಜೊತೆ ಆಫೀಸುಗಳಿಗೆ ಓಡಾಡಿದವಳು ನಾನೇ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ಒಂದು ದಿನಾಂಕ ನೆನಪಿಟ್ಟುಕೊಳ್ಳಿ, ಬೇಲಿ ಸರಿಸಿದ ದಿನ. ನಿಮ್ಮ ಕೈಯಲ್ಲಿದ್ದ ಜಾಗದಿಂದ ನಿಮ್ಮನ್ನು ಒಪ್ಪಿಗೆ ಇಲ್ಲದೆ, ಕಾನೂನು ಪ್ರಕಾರ ಅಲ್ಲದೆ ಹೊರಗೆ ಹಾಕಿದರೆ, 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟ್‌ನ 6ನೇ ಸೆಕ್ಷನ್ ಪ್ರಕಾರ 6 ತಿಂಗಳ ಒಳಗೆ ದಾವೆ ಹಾಕಬಹುದು. ಈ ದಾವೆಯಲ್ಲಿ ಜಾಗ ಯಾರದ್ದು ಎಂಬ ದೊಡ್ಡ ಪ್ರಶ್ನೆಯೇ ಬರುವುದಿಲ್ಲ. ಯಾರ ಕೈಯಲ್ಲಿತ್ತು, ಯಾರು ಕಿತ್ತುಕೊಂಡರು ಎಂಬುದನ್ನಷ್ಟೇ ನೋಡುತ್ತಾರೆ. 6 ತಿಂಗಳು ದಾಟಿದರೆ ಈ ಸುಲಭದ ದಾರಿ ಮುಚ್ಚುತ್ತದೆ. ಹಕ್ಕು ಹೋಗುವುದಿಲ್ಲ, ಆದರೆ ಆಮೇಲೆ ಹಕ್ಕನ್ನೇ ಸಾಬೀತು ಮಾಡುವ ಉದ್ದದ ಕೇಸು. ಇನ್ನೊಂದು ಗಡುವು 12 ವರ್ಷದ್ದು. ನಿಮ್ಮ ಜಾಗವನ್ನು ತನ್ನದೇ ಅಂತ ಬಹಿರಂಗವಾಗಿ ಹಿಡಿದುಕೊಂಡು ಯಾರಾದರೂ 12 ವರ್ಷ ಕೂತರೆ ಜಾಗವೇ ಅವರ ಪಾಲಾಗಬಹುದು. ಊರಿನ ಸಂಬಂಧ ಕೆಡಬಾರದು ಅಂತ ಸುಮ್ಮನಿದ್ದು ತೋಟದ ಅಂಚು ಕಳೆದುಕೊಂಡ ಮನೆಗಳು ನಮ್ಮ ಬೈಲಿನಲ್ಲೇ ಇವೆ. ಅವರ ಒಳ್ಳೆಯತನವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದು ನನಗೆ ಇವತ್ತಿಗೂ ಬೇಸರ.

ಆದ್ದರಿಂದ ಇವತ್ತೇ ಅಪ್ಪನಿಗೆ ಅಥವಾ ನಂಬಿಕೆಯ ಯಾರಿಗಾದರೂ ಹೇಳಿ ಫೋಟೋ ತೆಗೆಸಿ. ಹಳೆ ಬೇಲಿಯ ಗುಂಡಿಗಳು, ಕಡಿದ ಬರೆ, ಉಳಿದ ಅಗಳು (ಗಡಿಯ ಕಂದಕ), ಗಡಿಯಲ್ಲಿದ್ದ ಹಳೆ ಮರಗಳ ಬುಡ, ಎಲ್ಲ ಬರಲಿ. ಒಂದು ಮಳೆ ಬಿದ್ದರೆ ಈ ಗುರುತುಗಳೆಲ್ಲ ತೊಳೆದು ಹೋಗುತ್ತವೆ.

ಆಮೇಲೆ ಕಾಗದ. ಅಪ್ಪನ ಪೆಟ್ಟಿಗೆಯಲ್ಲಿ ಆಧಾರ (ಜಾಗದ ರಿಜಿಸ್ಟರ್ ಆದ ಪತ್ರ, ಆಧಾರ್ ಕಾರ್ಡ್ ಅಲ್ಲ), ಪಾಲುಪಟ್ಟಿ, ತೀರ್ವೆ (ಭೂಕಂದಾಯ) ರಶೀದಿ ಇದ್ದೇ ಇರುತ್ತವೆ. ಮೂಲ ಸಿಗದಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ದೃಢೀಕರಿಸಿದ ನಕಲು ತೆಗೆಯಬಹುದು. ನಮ್ಮ ಕಡೆಯ ಹಳೆ ಆಧಾರಗಳದ್ದು ಒಂದು ವಿಶೇಷ ಇದೆ. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತಲ್ಲ, ಅಜ್ಜನ ಕಾಲದ ಕಾಗದ ಇದ್ದರೆ ಅದು ಹೆಚ್ಚಾಗಿ ಕನ್ನಡದಲ್ಲೇ ಇರುತ್ತದೆ. ಈಗ ಅಳೆಯಲು ಬರುವ ಸರ್ವೆಯರಿಗೆ ಕನ್ನಡ ಓದಲು ಬಾರದೆ ಇರಬಹುದು. ಚಕ್ಬಂದಿಯ (ನಾಲ್ಕು ದಿಕ್ಕಿನ ಗಡಿಯ ವಿವರ) ಭಾಗವನ್ನು ಮಲಯಾಳದಲ್ಲಿ ಬರೆಸಿ ಇಟ್ಟುಕೊಳ್ಳಿ. ಪೂರ್ವಕ್ಕೆ ತೋಡು, ಉತ್ತರಕ್ಕೆ ಇಂಥವರ ಕಟ್ಟಪುಣಿ (ಎತ್ತರದ ಬದು) ಅಂತ ಇರುವ ಆ ಸಾಲುಗಳು ನೀವು ಅಂದುಕೊಂಡಿದ್ದಕ್ಕಿಂತ ಮುಖ್ಯ. ಆಧಾರದಲ್ಲಿ ಬರೆದ ಸೆಂಟ್ಸಿಗೂ (ಸೆಂಟ್ ಅಂದರೆ ಎಕ್ರೆಯ ನೂರರಲ್ಲಿ ಒಂದು ಪಾಲು) ನಾಲ್ಕು ದಿಕ್ಕಿನ ಗಡಿಗೂ ತಾಳೆ ಆಗದಿದ್ದರೆ ಸಾಮಾನ್ಯವಾಗಿ ಕೋರ್ಟು ಗಡಿಯ ವಿವರಕ್ಕೆ ಹೆಚ್ಚು ಬೆಲೆ ಕೊಡುತ್ತದೆ.

ಅಳತೆಯ ಲೆಕ್ಕದಲ್ಲೂ ಗಲಿಬಿಲಿ ಆಗುತ್ತದೆ. ಹಳೆಯದರಲ್ಲಿ ಎಕ್ರೆ-ಸೆಂಟ್ಸ್, ಹೊಸದರಲ್ಲಿ ಆರ್. ಒಂದು ಆರ್ ಅಂದರೆ 100 ಚದರ ಮೀಟರ್, ಸುಮಾರು 2.47 ಸೆಂಟ್ಸ್. ಹಳೆ ಸರ್ವೆ ನಕ್ಷೆಯಲ್ಲಿ ಉದ್ದವನ್ನು ಲಿಂಕ್ಸ್‌ನಲ್ಲಿ ಬರೆದಿರುತ್ತಾರೆ. 100 ಲಿಂಕ್ಸ್ ಅಂದರೆ 66 ಅಡಿ. ಊರಿನ ಯಾರೋ ಅಡಿ ಟೇಪು ಹಿಡಿದು "ನಕ್ಷೆಯಲ್ಲಿ 80 ಇದೆ, ಇಲ್ಲಿ ಬರೀ 53 ಇದೆ" ಅಂದರೆ ಗಾಬರಿ ಬೀಳಬೇಡಿ. 80 ಲಿಂಕ್ಸ್ ಅಂದರೆ ಸುಮಾರು 53 ಅಡಿಯೇ.

ಅಳತೆಗೆ ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ಪೆರ್ಲ ಅಂದರೆ ಎಣ್ಮಕಜೆ ಪಂಚಾಯತ್, ನಿಮಗೆ ಮಂಜೇಶ್ವರ ತಾಲೂಕು, ಆಫೀಸು ಉಪ್ಪಳದಲ್ಲಿ. ಅರ್ಜಿ ಕನ್ನಡದಲ್ಲೇ ಬರೆಯಬಹುದು. ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆಯುವುದಕ್ಕೆ, ಅದೇ ಭಾಷೆಯಲ್ಲಿ ಉತ್ತರ ಪಡೆಯುವುದಕ್ಕೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಅವಕಾಶ ಇದೆ. "ಮಲಯಾಳದಲ್ಲಿ ಬರೆದು ತನ್ನಿ" ಅಂತ ಯಾರಾದರೂ ವಾಪಸ್ ಕಳಿಸಿದರೆ ಅಪ್ಪ ಮುಜುಗರದಿಂದ ತಿರುಗಿ ಬರುವುದು ಬೇಡ. ಅರ್ಜಿಯಲ್ಲಿ ಕಲ್ಲು ಕಾಣೆಯಾದದ್ದನ್ನು ಖಂಡಿತ ಬರೆಯಿರಿ, ಆದರೆ ಅವರೇ ಕಿತ್ತರು ಅಂತ ಬರೆಯಬೇಡಿ, ಯಾರಾದರೂ ಕಣ್ಣಾರೆ ನೋಡಿದ್ದರೆ ಹೊರತು. ಸರಕಾರ ಹಾಕಿದ ಸರ್ವೆಕಲ್ಲನ್ನು ಬೇಕೆಂದೇ ಕಿತ್ತು ಸರಿಸುವುದು ಒಂದು ವರ್ಷದ ತನಕ ಜೈಲು ಆಗಬಹುದಾದ ಅಪರಾಧ. ಅಂಥ ಆಪಾದನೆಯನ್ನು ಸಾಕ್ಷಿ ಇಲ್ಲದೆ ಮಾಡಿದರೆ ಮಾತುಕತೆಯ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಕಲ್ಲು ಮಣ್ಣಿನಡಿಯಲ್ಲೇ ಹೂತು ಹೋಗಿರಲೂಬಹುದು.

ನಮ್ಮಲ್ಲಿ ಆದದ್ದು ಅದೇ. ಜೆಸಿಬಿ ಎಳೆದು ಹಾಕಿದ ಮಣ್ಣಿನ ಕೆಳಗೆ ಕಲ್ಲು ಇದ್ದಲ್ಲೇ ಇತ್ತು. ಸರ್ವೆಯರು ಬೇರೆ ಎರಡು ಕಲ್ಲುಗಳಿಂದ ಅಳೆದು ಬಂದು ಜಾಗ ತೋರಿಸಿದರು, ಹಾರೆ ಹಾಕಿ ಅಗೆದಾಗ ಸಿಕ್ಕಿತು. ಅಲ್ಲಿ ಹೊಸ ಬೇಲಿ ನಮ್ಮ ಜಾಗದ ಒಳಗೆ ಬಂದಿದ್ದು ಎಲ್ಲರಿಗೂ ಕಂಡಿತು. ಆದರೆ ಅದೇ ಗೆರೆ ತೋಡಿನ ಕಡೆಗೆ ಹೋದಾಗ ನಮ್ಮ ಅಜ್ಜ ನೆಟ್ಟ ಒಂದು ಸಾಲು ಅಡಿಕೆ ಮರ ಅವರ ಜಾಗದಲ್ಲಿ ನಿಂತಿತ್ತು. ಅಪ್ಪನ ಮುಖ ಸಪ್ಪೆಯಾಯಿತು. ನಿಮಗೂ ಹೀಗೆ ಆಗಬಹುದು. ಅದಕ್ಕೆ ಮೊದಲೇ ಮನಸ್ಸು ತಯಾರು ಮಾಡಿಕೊಳ್ಳಿ, ಅಪ್ಪನಿಗೂ ಹೇಳಿಡಿ. ಗೆರೆ ನಮಗೆ ಬೇಕಾದ ಕಡೆ ಬಂದರೆ ಮಾತ್ರ ಒಪ್ಪುತ್ತೇನೆ ಅಂದರೆ ಅಳೆಸುವುದರಲ್ಲಿ ಅರ್ಥ ಇಲ್ಲ. ಕೊನೆಗೆ ಎರಡೂ ಮನೆಯವರಿಗೆ ಮಾತಿಗೆ ದಾರಿ ಆದದ್ದೇ ಆ ಅಡಿಕೆ ಸಾಲು. ಅವರು ಬೇಲಿ ಹಿಂದೆ ತೆಗೆದರು. ತೋಡಿನ ಬದಿಯ ತುಂಡನ್ನು ನಾವು ಬೇರೆ ತುಂಡು ಕೊಟ್ಟು ಬದಲಾಯಿಸಿಕೊಂಡೆವು. ಅದನ್ನು ಬಾಯಿಮಾತಿನಲ್ಲಿ ಬಿಡದೆ ರಿಜಿಸ್ಟರ್ ಮಾಡಿಸಿದೆವು. ಇವತ್ತು ಒಪ್ಪಿದವರ ಮಕ್ಕಳು ನಾಳೆ ಒಪ್ಪದೆ ಇರಬಹುದು, ಅಲ್ವಾ?

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಾಗದೆ ಹೋಗುತ್ತದೆ. ಕೇರಳದಲ್ಲಿ 2022ರ ನವೆಂಬರ್‌ನಿಂದ ಡಿಜಿಟಲ್ ರೀಸರ್ವೆ ನಡೆಯುತ್ತಿದೆ. ರೆವೆನ್ಯೂ, ರಿಜಿಸ್ಟ್ರೇಶನ್, ಸರ್ವೆ ಮೂರನ್ನೂ ಸೇರಿಸಿದ 'ಎನ್ಟೆ ಭೂಮಿ' ಪೋರ್ಟಲ್ 2024ರಲ್ಲಿ ಮೊದಲು ಶುರುವಾದದ್ದು ನಿಮ್ಮದೇ ತಾಲೂಕಿನ ಉಜಾರ್ ಉಳುವಾರ್ ವಿಲೇಜಿನಲ್ಲಿ. ನಿಮ್ಮ ವಿಲೇಜಿನಲ್ಲಿ ಆ ಅಳತೆ ಯಾವ ಹಂತದಲ್ಲಿದೆ ಅಂತ ವಿಲೇಜ್ ಆಫೀಸಿನಲ್ಲಿ ಕೇಳಿ. ಅಳೆಯಲು ಬಂದಾಗ ಜಾಗದವರು ನಿಂತು ಗಡಿ ತೋರಿಸಬೇಕು. ಯಾರೂ ಇಲ್ಲದಿದ್ದರೆ ಕಣ್ಣಿಗೆ ಕಾಣುವ ಬೇಲಿಯೇ ಗಡಿ ಅಂತ ದಾಖಲಾಗುವ ಅಪಾಯ ಇದೆ. ದಾಖಲೆಗಳನ್ನು ಮೊದಲು ಜನರಿಗೆ ನೋಡಲು ಇಡುತ್ತಾರೆ, ತಪ್ಪಿದ್ದರೆ ಆಗಲೇ ಆಕ್ಷೇಪ ಕೊಡಬೇಕು. ಅಂತಿಮ ಪ್ರಕಟಣೆ ಆದ ಮೇಲೆ ತಿದ್ದಿಸುವುದು ಕಷ್ಟದ ಕೆಲಸ. ನಿಮ್ಮಂತೆ ಹೊರಗಿರುವವರು ಇದರಲ್ಲಿ ಜಾಸ್ತಿ ಸಿಕ್ಕಿಬೀಳುತ್ತಾರೆ.

ಇನ್ನು ಪಕ್ಕದವರ ಜೊತೆ ಮಾತು. ಇದನ್ನು ಗಡಿಯಲ್ಲಿ ನಿಂತು ಮಾಡಬೇಡಿ. ಅಪ್ಪ ಒಬ್ಬರೇ ಹೋಗುವುದು ಖಂಡಿತ ಬೇಡ. ಎರಡೂ ಮನೆಯವರು ಗೌರವ ಕೊಡುವ ಬೈಲಿನ ಹಿರಿಯರೊಬ್ಬರನ್ನೋ ವಾರ್ಡ್ ಮೆಂಬರನ್ನೋ ಕರೆದುಕೊಂಡು ಅವರ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ನೀವೇ ಮಾತಾಡಿ. "ಮಾವ, ಮೂಲೆಯ ಕಲ್ಲು ಕಾಣ್ತಾ ಇಲ್ಲ. ತಾಲೂಕಿಂದ ಸರ್ವೆಯವರನ್ನು ಕರೆಸ್ತಾ ಇದ್ದೇವೆ. ನೀವೂ ಬಂದು ನಿಲ್ಲಿ. ಗೆರೆ ಎಲ್ಲಿ ಬಂದರೂ ನಾವು ಒಪ್ತೇವೆ, ನೀವೂ ಒಪ್ಪಿ. ಅಲ್ಲಿವರೆಗೆ ಎರಡು ಕಡೆಯವರೂ ಅಲ್ಲಿ ಏನೂ ಮಾಡುವುದು ಬೇಡ." ಇಷ್ಟು ಸಾಕು. ಹಳೆಯ ಬಾಕಿ ಯಾವುದನ್ನೂ ತೆಗೆಯಬೇಡಿ, ದನ ನುಗ್ಗಿದ್ದು, ಸೋಗೆ ಬಿದ್ದದ್ದು, ನೀರು ಬಿಟ್ಟದ್ದು ಯಾವುದೂ ಬೇಡ. ಮಾತಾಡಿ ಬಂದ ಮೇಲೆ ಅದನ್ನೇ ವಾಟ್ಸಾಪಿನಲ್ಲಿ ಮರ್ಯಾದೆಯಿಂದ ಬರೆದು ಕಳಿಸಿ. ನಾಳೆ ಬೇಕಾದರೆ ಅದೂ ಒಂದು ದಾಖಲೆ. ನಿಮ್ಮ ಅಪ್ಪ-ಅಮ್ಮನಿಗೆ ಅರ್ಧ ರಾತ್ರಿ ಹುಷಾರು ತಪ್ಪಿದರೆ ಮೊದಲು ಓಡಿ ಬರಬೇಕಾದವರು ಆ ಮನೆಯವರೇ. ಹಾಗಾಗಿ ಜಾಗ ಒಂದಿಂಚೂ ಬಿಡಬೇಡಿ, ಆದರೆ ಮಾತು ಮುರಿಯದ ಹಾಗೆ ನೋಡಿಕೊಳ್ಳಿ.

ಬರೆಯ ವಿಷಯ ಮಾತ್ರ ಸರ್ವೆಗೆ ಕಾಯುವಂಥದ್ದಲ್ಲ. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು (ಕೆಂಪು ಕಲ್ಲು), ಕೆಳಗೆ ಶೇಡಿ ಎಂಬ ಮೆತ್ತನೆಯ ಜೇಡಿ ಮಣ್ಣು. ಶೇಡಿ ನೀರು ಕುಡಿದರೆ ನಿಲ್ಲುವುದಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ನೆಟ್ಟಗೆ ಕಡಿದ ಬರೆ ಒಂದೇ ಆಟಿಯಲ್ಲಿ (ಜೋರು ಮಳೆಯ ತಿಂಗಳು) ಜರಿಯಬಹುದು. ಮೇಲಿನ ಅಂಚಿನಲ್ಲಿ ನಿಮ್ಮ ಮನೆಯೋ ಬಾವಿಯೋ ಇದ್ದರೆ ಇದು ಜಾಗದ ಜಗಳ ಅಲ್ಲ, ಜೀವದ ಪ್ರಶ್ನೆ. ಕಾನೂನು ಇಲ್ಲಿ ಸ್ಪಷ್ಟ ಇದೆ. ಪಕ್ಕದ ಮಣ್ಣು ನಮ್ಮ ಮಣ್ಣಿಗೆ ಸಹಜವಾಗಿ ಕೊಡುವ ಆಸರೆ ನಮ್ಮ ಹಕ್ಕು ಅಂತ 1882ರ ಈಸ್‌ಮೆಂಟ್ಸ್ ಆಕ್ಟ್‌ನ 7ನೇ ಸೆಕ್ಷನ್ ಹೇಳುತ್ತದೆ. ಅವರು ತಮ್ಮ ಜಾಗದಲ್ಲೇ ಕಡಿದಿದ್ದರೂ ನಿಮ್ಮ ಜಾಗ ಕುಸಿಯುವ ಹಾಗೆ ಕಡಿಯುವಂತಿಲ್ಲ. ಮಣ್ಣು ಹೊರಗೆ ಸಾಗಿಸಿದ್ದರೆ ಅದಕ್ಕೆ ಪರವಾನಗಿ ಇತ್ತಾ ಎಂಬ ಪ್ರಶ್ನೆಯೂ ಬರುತ್ತದೆ. ಕೆಲಸ ಇನ್ನೂ ನಡೆಯುತ್ತಿದ್ದರೆ ವಿಲೇಜ್ ಆಫೀಸರಿಗೆ ಮತ್ತು ಪಂಚಾಯತ್ ಸೆಕ್ರೆಟರಿಗೆ ಫೋಟೋ ಸಮೇತ ದೂರು ಕೊಡಿ, ಸ್ಟಾಪ್ ಮೆಮೊ (ಕೆಲಸ ನಿಲ್ಲಿಸುವ ಆದೇಶ) ಕೇಳಿ. ಸ್ವೀಕೃತಿ ರಶೀದಿ ತೆಗೆದುಕೊಳ್ಳದೆ ಬರಬೇಡಿ.

ನಿಮ್ಮದು ಮೇಲಿನ ಜಾಗ ಆದರೆ ಅದೇ ಕಾಯ್ದೆಯಲ್ಲಿ ನಿಮ್ಮ ಮೇಲೂ ಒಂದು ಜವಾಬ್ದಾರಿ ಇದೆ. ಮೇಲಿನ ಜಾಗದಿಂದ ಸಹಜವಾಗಿ ಇಳಿದು ಬರುವ ಮಳೆನೀರನ್ನು ಕೆಳಗಿನವರು ತಡೆಯುವಂತಿಲ್ಲ. ಆದರೆ ಮೇಲಿನವರು ಪೈಪು ಹಾಕಿ, ಕಣಿ ತೋಡಿ ಎಲ್ಲ ನೀರನ್ನೂ ಒಂದೇ ಕಡೆಯಿಂದ ಕೆಳಗಿನವರ ತೋಟಕ್ಕೆ ನುಗ್ಗಿಸಿದರೆ ಆಗ ಕೆಳಗಿನವರ ದೂರು ನ್ಯಾಯವಾದದ್ದೇ. ನಿಮ್ಮ ಕಡೆಯ ಕಣಿ ಎಲ್ಲಿಗೆ ಬಿಡುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ.

ಮಾತೂ ಆಗಲಿಲ್ಲ, ಅಳೆದ ಗೆರೆಯನ್ನೂ ಒಪ್ಪಲಿಲ್ಲ ಅಂದರೆ ಮುನ್ಸಿಫ್ ಕೋರ್ಟು. ಪೊಲೀಸರ ಹತ್ತಿರ ಹೋದರೆ "ಇದು ಸಿವಿಲ್ ವಿಷಯ" ಅಂತ ಹೇಳುವುದೇ ಜಾಸ್ತಿ. ಹೊಡೆದಾಟ, ಬೆದರಿಕೆ ಇದ್ದರೆ ಮಾತ್ರ ಅವರ ಕೆಲಸ. ಕೋರ್ಟಿನಲ್ಲಿ ಮೊದಲು ಕೇಳಬೇಕಾದ್ದು ತಡೆಯಾಜ್ಞೆ, ಜೊತೆಗೆ ವಕೀಲ ಕಮಿಷನರನ್ನು ನೇಮಿಸಿ ಸರ್ವೆಯರ ಸಹಾಯದಿಂದ ನಕ್ಷೆ ಮಾಡಿಸುವುದು. ಗಡಿ ಕೇಸುಗಳಲ್ಲಿ ಕಮಿಷನರ ವರದಿ, ನಕ್ಷೆಗೆ ತುಂಬ ತೂಕ ಇರುತ್ತದೆ. ಕೇಸಿಗೆ ಮೊದಲೇ ಲೋಕ ಅದಾಲತ್ ಪ್ರಯತ್ನ ಮಾಡಬಹುದು. ಅಲ್ಲಿ ಕೋರ್ಟ್ ಫೀಸು ಇಲ್ಲ. ಎರಡೂ ಕಡೆ ಒಪ್ಪಿ ಆದ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ತೀರ್ಪಿನಷ್ಟೇ ಬಲ, ಅದರ ಮೇಲೆ ಅಪೀಲೂ ಇಲ್ಲ. ಜಾಗ ಅಮ್ಮನ ಹೆಸರಿನಲ್ಲಿದ್ದರೆ ಇನ್ನೊಂದು ಅನುಕೂಲ: ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ಸಹಾಯ ಉಚಿತ, ಆದಾಯದ ಮಿತಿಯ ಲೆಕ್ಕ ಇಲ್ಲ. ಆದರೆ 6 ತಿಂಗಳ ಗಡುವು ಹತ್ತಿರ ಇದ್ದರೆ ಅದಾಲತ್ ಅಂತ ಕಾಯುತ್ತ ಕೂರಬೇಡಿ, ವಕೀಲರನ್ನು ಮೊದಲು ನೋಡಿ.

ನೀವು ಶನಿವಾರ ಬಂದು ಭಾನುವಾರ ರಾತ್ರಿ ಬಸ್ಸು ಹತ್ತಿದರೆ ಇದರಲ್ಲಿ ಯಾವುದೂ ಮುಗಿಯುವುದಿಲ್ಲ. ಕೆಲಸದ ದಿನಗಳಲ್ಲಿ ರಜೆ ಹಾಕಿ ಬನ್ನಿ, ಸರ್ವೆಯ ದಿನವಂತೂ ಅಪ್ಪನ ಪಕ್ಕದಲ್ಲಿ ನೀವಿರಬೇಕು. ಆಧಾರದ ಹಳೆಯ ಕನ್ನಡ ಕೈಬರಹದಲ್ಲಿ ಅರ್ಥವಾಗದ ಸಾಲು ಇದ್ದರೆ ಹೆಸರು, ಸರ್ವೆ ನಂಬ್ರ ಮುಚ್ಚಿ ಇಲ್ಲೇ ಹಾಕಿ. ನನಗೆ ಓದಲು ಬರುತ್ತದೆ, ಬಿಡಿಸಿ ಹೇಳುತ್ತೇನೆ.