ಕ್ಲಿನಿಕಲ್ ಬಯೋಕೆಮಿಸ್ಟ್ರಿ ಎಂ.ಎಸ್‌ಸಿ.ಗೆ ಸೇರುವಾಗ ಲ್ಯಾಬ್ ಪೋಸ್ಟಿಂಗ್‌ಗೆ ಎಷ್ಟು ಮಹತ್ವ ಕೊಡಬೇಕು?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವರಾದ ತಾವು ಬಿ.ಎಸ್‌ಸಿ. ಮುಗಿಸಿದ್ದು, ಮುಂದೆ ಆಸ್ಪತ್ರೆಯ ಲ್ಯಾಬಿನಲ್ಲಿ ಒಂದು ವರ್ಷ ಕೆಲಸ ಕಲಿಸುವ ಕೋರ್ಸಿಗೆ ಸೇರಬೇಕೇ, ತರಗತಿಯ ಪಾಠವೇ ಹೆಚ್ಚಿರುವ ಕೋರ್ಸಿಗೆ ಸೇರಬೇಕೇ ಎಂದು ಕೇಳಿದ್ದೀರಿ. ಕುಂಬಳೆಯವನಾದ ನಾನು ಮಂಗಳೂರಿನಲ್ಲಿ ಅಂತಹ ಒಂದು ವರ್ಷ ಕಳೆದವನು. ಲ್ಯಾಬ್ ಇರುವುದನ್ನೇ ಆರಿಸಿಕೊಳ್ಳಿ. ಆದರೆ ಅಲ್ಲಿ ವಿದ್ಯಾರ್ಥಿಗಳನ್ನು ಯಂತ್ರದ ಮುಂದೆ ಮಾತ್ರ ನಿಲ್ಲಿಸುತ್ತಾರೋ, ಸ್ಯಾಂಪಲ್ ಸ್ವೀಕರಿಸುವ ಮೇಜಿನಲ್ಲಿಯೂ ರಿಪೋರ್ಟ್ ಪರಿಶೀಲಿಸುವಲ್ಲಿಯೂ ಕೂರಿಸುತ್ತಾರೋ ಎಂಬುದನ್ನು ಮೊದಲೇ ವಿಚಾರಿಸಿ.

ನನ್ನ ಪೋಸ್ಟಿಂಗ್‌ನ ಎರಡನೆಯ ತಿಂಗಳಲ್ಲಿ ಒಬ್ಬ ವೃದ್ಧೆಯ ಪೊಟ್ಯಾಶಿಯಂ 9.4 ಎಂದು ಬಂದಿತು. ಹೃದಯ ನಿಲ್ಲಬಹುದಾದ ಮಟ್ಟ ಅದು; ವಾರ್ಡಿಗೆ ಫೋನ್ ಮಾಡಲು ಕೈ ಹಾಕಿದ್ದೆ. ಹಿರಿಯ ಟೆಕ್ನಾಲಜಿಸ್ಟ್ ಒಬ್ಬರು ತಡೆದು, ಅದೇ ಸ್ಯಾಂಪಲ್ಲಿನ ಕ್ಯಾಲ್ಸಿಯಂ ನೋಡು ಎಂದರು: 4.1, ಇರಬೇಕಾದುದಕ್ಕಿಂತ ತೀರ ಕಡಿಮೆ. ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಅಂತೂ ಹೆಚ್ಚುಕಡಿಮೆ ಸೊನ್ನೆ. ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲದೆ ಹೋದುದರಿಂದ ನೇರಳೆ ಮುಚ್ಚಳದ ಟ್ಯೂಬಿನಿಂದ ಒಂದಿಷ್ಟು ಸುರಿದಿದ್ದರೆಂದು ಆಮೇಲೆ ತಿಳಿಯಿತು. ನೇರಳೆ ಟ್ಯೂಬಿನಲ್ಲಿರುವುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಎಂಬ ರಾಸಾಯನಿಕದ ಪೊಟ್ಯಾಶಿಯಂ ಲವಣ. ಅದು ತನ್ನ ಪೊಟ್ಯಾಶಿಯಂ ಬೆರೆಸುತ್ತದೆ, ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಆ ಕಿಣ್ವಕ್ಕೆ ಬೇಕಾದ ಸತು ಮತ್ತು ಮೆಗ್ನೀಸಿಯಂ ಕಸಿದುಕೊಳ್ಳುತ್ತದೆ. ಇದನ್ನೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಕಣ್ಣೆದುರಿಗೆ ಬಂದಾಗ ಗುರುತು ಹತ್ತಲಿಲ್ಲ. ಹೊಸದಾಗಿ ತೆಗೆದ ರಕ್ತದಲ್ಲಿ ಪೊಟ್ಯಾಶಿಯಂ 4.3 ಇತ್ತು. ಅದನ್ನು ಇಳಿಸುವ ಚಿಕಿತ್ಸೆ ಆಗಲೇ ಆರಂಭವಾಗಿದ್ದರೆ ಆ ಅಜ್ಜಿಯ ಗತಿ ಏನಾಗುತ್ತಿತ್ತು ಎಂಬ ಯೋಚನೆ ಇಂದಿಗೂ ಬರುತ್ತದೆ.

ನಮ್ಮ ಊರುಗಳಿಂದ ರಕ್ತ ದೂರದ ಲ್ಯಾಬಿಗೆ ಹೋಗುವಾಗ ಇನ್ನೊಂದು ತೊಂದರೆಯಿದೆ. ಸೀರಂ (ರಕ್ತದ ತಿಳಿ ದ್ರವ) ಬೇರ್ಪಡಿಸದೆ ಇಟ್ಟ ರಕ್ತದಲ್ಲಿ ಜೀವಕೋಶಗಳು ಗ್ಲೂಕೋಸನ್ನು ಬಳಸುತ್ತಲೇ ಇರುವುದರಿಂದ ಅದು ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತದೆ. ಮುಳ್ಳೇರಿಯದಲ್ಲಿ 180 ಇದ್ದ ಸಕ್ಕರೆ ಮೂರು ಗಂಟೆಯ ಬಳಿಕ 150ರ ಆಸುಪಾಸು ಕಾಣಿಸಬಹುದು. ಇದನ್ನು ತಡೆಯಲೆಂದೇ ಬೂದು ಮುಚ್ಚಳದ ಟ್ಯೂಬಿನಲ್ಲಿ ಹಾಕಿರುವ ಫ್ಲೋರೈಡ್ ಕೂಡ ಮೊದಲ ಒಂದೆರಡು ಗಂಟೆ ಈ ಇಳಿತವನ್ನು ಪೂರ್ತಿ ತಡೆಯದು. ಸ್ಯಾಂಪಲ್ ಸ್ವೀಕರಿಸುವ ಮೇಜಿನಲ್ಲಿ ಕುಳಿತು ರಕ್ತ ತೆಗೆದ ಹೊತ್ತನ್ನು ಕೇಳಿ ಬರೆದುಕೊಂಡವರಿಗೆ ಇದು ಮರೆಯುವುದಿಲ್ಲ.

ಬೆಳಗ್ಗೆ ಕಂಟ್ರೋಲ್ (ಮೌಲ್ಯ ಮೊದಲೇ ಗೊತ್ತಿರುವ ಸ್ಯಾಂಪಲ್) ಹಾಕಿ, ಫಲಿತಾಂಶದ ದಿನದಿನದ ಏರಿಳಿತ ತೋರಿಸುವ ಲೆವಿ-ಜೆನ್ನಿಂಗ್ಸ್ ಚಾರ್ಟಿನಲ್ಲಿ ಗುರುತು ಹಾಕುವುದನ್ನೂ, 1981ರ ವೆಸ್ಟ್‌ಗಾರ್ಡ್ ನಿಯಮಗಳ (ಕಂಟ್ರೋಲ್ ತಪ್ಪಿದೆಯೇ ಎಂದು ನಿರ್ಧರಿಸುವ ನಿಯಮಗಳು) ಪ್ರಕಾರ ರಿಪೋರ್ಟ್ ತಡೆಹಿಡಿಯುವುದನ್ನೂ ನಿಮ್ಮ ಕೈಯಿಂದಲೇ ಮಾಡಿಸುವ ವಿಭಾಗವನ್ನು ಹುಡುಕಿ. ಲ್ಯಾಬಿಗೆ ವೈದ್ಯಕೀಯ ಲ್ಯಾಬುಗಳ ಅಂತರರಾಷ್ಟ್ರೀಯ ಗುಣಮಟ್ಟವಾದ ಐಎಸ್‌ಒ 15189 ಪ್ರಕಾರ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರೆ ಈ ದಾಖಲೆಗಳು ಕ್ರಮವಾಗಿರುತ್ತವೆ.

ನಮ್ಮ ಜಿಲ್ಲೆಯವರೆಂದು ಇನ್ನೊಂದು ಮಾತು. ಗೇರು ತೋಟಗಳ ಮೇಲೆ 2000ದವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ನೆಲ ನಮ್ಮದು. ಪಡ್ರೆ ಗ್ರಾಮದ ಮಕ್ಕಳ ರಕ್ತದಲ್ಲಿ ಅದರ ಶೇಷ ಪತ್ತೆಯಾಗಿತ್ತು. ಕೀಟನಾಶಕ ಎಂದೊಡನೆ ಕೋಲಿನೆಸ್ಟರೇಸ್ ಎಂಬ ಕಿಣ್ವದ ಪರೀಕ್ಷೆ ಮಾಡಿಸುವವರಿದ್ದಾರೆ, ಆದರೆ ಅದು ಆರ್ಗನೋಫಾಸ್ಫರಸ್ ಎಂಬ ಬೇರೆ ಬಗೆಯ ಕೀಟನಾಶಕದ ವಿಷಕ್ಕೆ ಸಲ್ಲುವ ಪರೀಕ್ಷೆ. ಎಂಡೋಸಲ್ಫಾನ್ ಆರ್ಗನೋಕ್ಲೋರಿನ್ ಆದ್ದರಿಂದ ಅದಕ್ಕೆ ಗ್ಯಾಸ್ ಕ್ರೊಮಾಟೋಗ್ರಫಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಬೇಕು. ನಿಮ್ಮನ್ನು ಕೆಲವು ವಾರಗಳಾದರೂ ಅಂತಹ ವಿಷವಿಜ್ಞಾನದ ಲ್ಯಾಬಿಗೆ ಕಳುಹಿಸಲು ಒಪ್ಪುವ ವಿಭಾಗ ಸಿಕ್ಕಿದರೆ, ಶುಲ್ಕ ಸ್ವಲ್ಪ ಹೆಚ್ಚಿದ್ದರೂ ಅದನ್ನೇ ಆರಿಸಿ.